ಅಕ್ಷರಗುಂಡಿನಿಂದ ಅಡಿಗೆಕಟ್ಟೆಯವರೆಗೆ

ಬಳ್ಳಾರಿಯಿಂದ ಚಳ್ಳಕೆರೆಗೆ ಹೋಗುವ ಹೆದ್ದಾರಿಯಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರವನ್ನು ಹಾದುಹೋದವರಿಗೆ ಆ ಸೀಮೆಯ ಐಶ್ವರ್ಯ ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಮಳೆ ಕಡಿಮೆ, ಮರ ಕಡಿಮೆ. ಕಲ್ಲಿಗೆ ಮಾತ್ರ ಬರವಿಲ್ಲ. ಗುಡ್ಡದ ಮೇಲೆ ಗುಂಡು, ಗುಂಡಿನ ಮೇಲೆ ಗುಂಡು. ಹೊಲದ ನಡುವೆ ಆನೆ ಮಲಗಿದಂತೆ ಬಂಡೆ. ಇಂಥ ನಾಡಿನಲ್ಲಿಯೂ ಈಗ ಹೊಸ ಮನೆ ಕಟ್ಟಿಸುವವರು ಅಡಿಗೆಕಟ್ಟೆಗೆ ಕಲ್ಲು ಬೇಕೆಂದರೆ ಪೇಟೆಯ ಅಂಗಡಿಗೆ ಹೋಗುತ್ತಾರೆ. ಒರಗಿಸಿಟ್ಟ ಹೊಳಪಿನ ಚಪ್ಪಡಿಗಳ ಮುಂದೆ ನಿಂತು, ಸೀರೆ ಆರಿಸುವಂತೆ ಬಣ್ಣ ನೋಡಿ ಆರಿಸುತ್ತಾರೆ. ‘ಸೀರೆ ಆರಿಸುವಂತೆ’ ಎಂದದ್ದು ತಪ್ಪಾಯಿತೇನೋ! ಮೊಳಕಾಲ್ಮೂರು ರೇಷ್ಮೆ ಸೀರೆಗೆ ಹೆಸರಾದ ಊರು. ಅಲ್ಲಿಯ ಹೆಣ್ಣುಮಕ್ಕಳು ಬಣ್ಣವೊಂದನ್ನೇ ನೋಡಿ ಸೀರೆ ಕೊಳ್ಳುವವರಲ್ಲ. ಸೆರಗನ್ನು ಬೆರಳ ನಡುವೆ ಹಿಡಿದು, ಬೆಳಕಿಗೆ ಒಡ್ಡಿ, ನೂಲನ್ನೂ ನೇಯ್ಗೆಯನ್ನೂ ಪರೀಕ್ಷಿಸುವವರು. ಕಲ್ಲಿಗೆ ಅಷ್ಟು ಪರೀಕ್ಷೆಯೂ ಇಲ್ಲದಂತಾಗಿದೆ.

ಯಾವ ಕೆಲಸಕ್ಕೆ ಯಾವ ಕಲ್ಲು, ಅದು ಗಟ್ಟಿಯೆಂದು ತಿಳಿಯುವುದು ಹೇಗೆ, ತಂದ ಮೇಲೆ ಕೆಡದಂತೆ ಇಡುವುದು ಹೇಗೆ—ಇವು ಇಂದಿನ ಗೃಹಿಣಿಯ ಪ್ರಶ್ನೆಗಳು ಮಾತ್ರವಲ್ಲ. ಇದೇ ತಾಲ್ಲೂಕಿನಲ್ಲಿ ಮನುಷ್ಯನು ನಾಲ್ಕು ಸಾವಿರ ವರ್ಷಗಳಿಂದ ಕೇಳಿಕೊಂಡು ಬಂದ ಪ್ರಶ್ನೆಗಳು. ಅವನು ಕಂಡುಕೊಂಡ ಉತ್ತರಗಳಲ್ಲಿ ಬಹುಪಾಲು ಇಂದಿಗೂ ಸಲ್ಲುತ್ತವೆ. ನಾನು ಕನ್ನಡ ಪಾಠ ಹೇಳುವವನು, ಭೂವಿಜ್ಞಾನಿಯಲ್ಲ. ಆದರೆ ಶಾಸನಗಳ ಬೆನ್ನು ಹತ್ತಿದವನಿಗೆ ಅಕ್ಷರದ ಜೊತೆಗೆ ಕಲ್ಲಿನ ಸಹವಾಸವೂ ಅನಿವಾರ್ಯ. ಆ ಸಹವಾಸದಿಂದ ತಿಳಿದುದನ್ನು ಇಲ್ಲಿ ವಾಚಕರ ಮುಂದೆ ಇಡುತ್ತೇನೆ.

ಮೊದಲು ಕಲ್ಲಿನ ಕುಲಗೋತ್ರ. ‘ಗ್ರಾನೈಟ್’ ಎಂಬ ಮಾತಿನ ಮೂಲ ಲ್ಯಾಟಿನ್ ಭಾಷೆಯ ‘ಗ್ರಾನಂ’. ಕಾಳು, ಕಣ ಎಂದು ಅರ್ಥ. ನಮ್ಮ ಪಠ್ಯಪುಸ್ತಕಗಳ ‘ಕಣಶಿಲೆ’ ಎಂಬ ಮಾತೂ ಅದನ್ನೇ ಹೇಳುತ್ತದೆ. ಭೂಮಿಯ ಒಡಲಲ್ಲಿ ಕರಗಿದ ದ್ರವ್ಯ ಬಹು ನಿಧಾನವಾಗಿ ಆರಿ, ಬೆಣಚು, ಫೆಲ್ಡ್‌ಸ್ಪಾರ್, ಕಾಗೆಬಂಗಾರ ಮೊದಲಾದ ಖನಿಜಗಳು ಕಣ್ಣಿಗೆ ಕಾಣುವ ಕಾಳುಗಳಾಗಿ ಹೆಣೆದುಕೊಂಡಾಗ ಈ ಕಲ್ಲು ಹುಟ್ಟುತ್ತದೆ. ಕರ್ನಾಟಕದ ನಡುವೆ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಇಂಥ ಕಲ್ಲಿನ ಪಟ್ಟಿಯೊಂದು ಹಬ್ಬಿದೆ. ರಾಮನಗರದಿಂದ ಮಧುಗಿರಿ, ಪಾವಗಡಗಳ ಮೂಲಕ ಬಳ್ಳಾರಿಯ ಕಡೆಗೆ ಸಾಗುವ ಇದನ್ನು ವಿಜ್ಞಾನಿಗಳು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ. ಕ್ಲೋಸ್‌ಪೇಟೆಯೆಂಬುದು ರಾಮನಗರದ ಹಳೆಯ ಹೆಸರು. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ನಾವು ಸಾರಿನ ಪಾತ್ರೆ ಇಳಿಸುವ ಕಲ್ಲಿಗಿಂತ ಹಳೆಯ ವಸ್ತು ಮನೆಯಲ್ಲಿ ಮತ್ತೊಂದಿಲ್ಲವೆಂದು ಧಾರಾಳವಾಗಿ ಹೇಳಬಹುದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅಂಗಡಿಯಲ್ಲಿ ಗ್ರಾನೈಟ್ ಎಂದು ಮಾರುವುದೆಲ್ಲ ಗ್ರಾನೈಟ್ ಅಲ್ಲ. ಇಳಕಲ್ಲಿನ ಕೆಂಪು, ಸಾದರಹಳ್ಳಿಯ ಬೂದು, ಶಿರಾದ ಬೂದು—ಇವು ಆ ಹೆಸರಿಗೆ ಹತ್ತಿರದವು. ಕಡುಗಪ್ಪು ಕಲ್ಲುಗಳು ಸಾಮಾನ್ಯವಾಗಿ ಡಾಲರೈಟ್, ಗ್ಯಾಬ್ರೋ ಮುಂತಾದ ಬೇರೆ ಜಾತಿಯವು. ಆಂಧ್ರದ ಒಂಗೋಲಿನ ಹತ್ತಿರ ಚೀಮಕುರ್ತಿಯಿಂದ ಬರುವ, ಚುಕ್ಕಿಗಳು ಮಿನುಗುವ ‘ಗ್ಯಾಲಕ್ಸಿ’ಯೂ ಈ ಕಪ್ಪು ಜಾತಿಗೇ ಸೇರಿದ್ದು. ಇವು ಕೀಳೆಂದು ನಾನು ಹೇಳುತ್ತಿಲ್ಲ. ಇವುಗಳಲ್ಲಿ ಅನೇಕವು ಎಣ್ಣೆ ನೀರುಗಳನ್ನು ಬೂದುಗಲ್ಲಿಗಿಂತ ಕಡಿಮೆ ಹೀರುತ್ತವೆ. ಅಡಿಗೆಮನೆಗೆ ಅದು ಗುಣವೇ. ಹೆಸರನ್ನು ನಂಬದೆ ಗುಣವನ್ನು ನೋಡಬೇಕೆಂಬುದಷ್ಟೇ ನನ್ನ ಮಾತು.

ಕರಿಯ ಕಲ್ಲಿಗೂ ಬೂದುಗಲ್ಲಿಗೂ ಇರುವ ಈ ಭೇದವನ್ನು ನವಶಿಲಾಯುಗದ ಜನ ಚೆನ್ನಾಗಿ ಬಲ್ಲವರಾಗಿದ್ದರು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಸರ್ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದರು. ಅತ್ಯಂತ ಕೆಳಗಿನ ಸ್ತರದಲ್ಲಿ ಅವರಿಗೆ ದೊರೆತವು ನುಣುಪಾಗಿ ಉಜ್ಜಿದ ಕಲ್ಲಿನ ಕೊಡಲಿಗಳು. ಕೊಡಲಿಗೆ ಆ ಜನ ಬಳಸಿದ್ದು ಕಾಲ ಬುಡದಲ್ಲೇ ಬಿದ್ದಿದ್ದ ಬೂದುಗಲ್ಲನ್ನಲ್ಲ. ಕಣ ಸಣ್ಣದಾದ, ಪೆಟ್ಟು ತಡೆಯುವ ಕರಿಯ ಕಲ್ಲನ್ನು. ಬಳ್ಳಾರಿಯ ಹತ್ತಿರದ ಸಂಗನಕಲ್ಲಿನಲ್ಲಿ ಇಂಥ ಕೊಡಲಿಗಳ ದೊಡ್ಡ ಕಾರ್ಖಾನೆಯೇ ಇತ್ತು. ಕರಿಯ ಕಲ್ಲನ್ನು ಒಡೆದು ರೂಪಕ್ಕೆ ತಂದು, ಒರಟು ಕಣದ ಗ್ರಾನೈಟ್ ಬಂಡೆಯ ಮೇಲೆ ನೀರು ಹಾಕಿ ಉಜ್ಜಿದರೆ ಅಲಗು ಸಿದ್ಧ. ಹಾಗೆ ಉಜ್ಜಿದ ಕುಳಿಗಳೂ ಕಾಳು ಅರೆದ ಕುಳಿಗಳೂ ಅಲ್ಲಿಯ ಬಂಡೆಗಳ ಮೇಲೆ ಇಂದಿಗೂ ಕಾಣುತ್ತವೆ. ಆ ಕಾಲದ ಜನ ಬೆಳೆದು ಉಂಡದ್ದು ಹುರುಳಿ, ಹೆಸರು, ಕೊರಲೆ ಮೊದಲಾದ ಧಾನ್ಯಗಳೆಂದು ಸುಟ್ಟು ಕರಿಕಾದ ಕಾಳುಗಳಿಂದ ಗೊತ್ತಾಗಿದೆ. ಗ್ರಾನೈಟಿನ ಮೇಲೆ ಅಡಿಗೆಯ ಸಿದ್ಧತೆ ನಮ್ಮ ಕಾಲದ ಹೊಸ ಶೋಕಿಯೆಂದು ತಿಳಿದವರು ಈ ಕುಳಿಗಳನ್ನು ಒಮ್ಮೆ ನೋಡಬೇಕು. ಕತ್ತರಿಸಲು ಒಂದು ಕಲ್ಲು, ಅರೆಯಲು ಇನ್ನೊಂದು ಕಲ್ಲು. ಕಲ್ಲಿನ ಆಯ್ಕೆಯ ಮೊದಲ ಪಾಠ ಇದೇ.

ದೂರದ ಈಜಿಪ್ಟಿನಲ್ಲಿಯೂ ಇದೇ ವಿವೇಕ. ಅಸ್ವಾನಿನ ಗ್ರಾನೈಟನ್ನು ಅಲ್ಲಿಯವರು ಬಿಡಿಸಿದ್ದು ಡಾಲರೈಟ್ ಗುಂಡುಗಳಿಂದ ಕುಟ್ಟಿ ಕುಟ್ಟಿ. ಅಲ್ಲಿಯ ಗಣಿಯಲ್ಲಿ ಸುಮಾರು 42 ಮೀಟರ್ ಉದ್ದದ ಅಪೂರ್ಣ ಸ್ತಂಭವೊಂದು ಇನ್ನೂ ಮಲಗಿದೆ. ಕೆಲಸ ಬಹಳ ಮುಂದುವರಿದ ಮೇಲೆ ಕಲ್ಲಿನಲ್ಲಿ ಬಿರುಕು ಕಂಡಿತು, ಅಲ್ಲಿಗೆ ಬಿಟ್ಟುಬಿಟ್ಟರು. ಫೇರೋಗಳ ಆಜ್ಞೆಯಿದ್ದರೂ ಬಿರುಕಿನ ಕಲ್ಲು ಎದ್ದು ನಿಲ್ಲಲಿಲ್ಲ.

ಬ್ರಹ್ಮಗಿರಿಯ ಮುಂದಿನ ಕಾಲದವರು ಕಬ್ಬಿಣ ಬಲ್ಲವರು. ಅವರ ಗೋರಿಗಳಲ್ಲಿ ಕೆಲವು ನಾಲ್ಕು ಗ್ರಾನೈಟ್ ಚಪ್ಪಡಿಗಳನ್ನು ನಿಲ್ಲಿಸಿ ಮಾಡಿದ ಪೆಟ್ಟಿಗೆಗಳು. ಒಂದೊಂದು ಚಪ್ಪಡಿಯ ತುದಿ ಪಕ್ಕದ್ದನ್ನು ದಾಟಿ ಆತುಕೊಳ್ಳುವಂತೆ ಸ್ವಸ್ತಿಕದ ಆಕಾರದಲ್ಲಿ ನಿಲ್ಲಿಸಿರುವುದರಿಂದ ಹೊರಗಿನ ಮಣ್ಣಿನ ಒತ್ತಡಕ್ಕೆ ಅವು ಒಳಗೆ ಕುಸಿಯುವುದಿಲ್ಲ. ಮೂಡಲ ಚಪ್ಪಡಿಯಲ್ಲಿ ದುಂಡಗೆ ಕೊರೆದ ಕಿಂಡಿ. ಇಂದು ಅಡಿಗೆಕಟ್ಟೆಯ ಚಪ್ಪಡಿಯಲ್ಲಿ ಸಿಂಕಿಗೂ ಒಲೆಗೂ ಕಿಂಡಿ ಕೊರೆಯುವವನಿಗೆ ಯಂತ್ರವಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ, ಚಪ್ಪಡಿ ಒಡೆಯದಂತೆ ಕೈಯಿಂದ ಕಿಂಡಿ ತೆಗೆದವನ ನೈಪುಣ್ಯಕ್ಕೆ ಏನೆನ್ನಬೇಕು?

ಬಂಡೆಯಿಂದ ಚಪ್ಪಡಿ ಎಬ್ಬಿಸುವ ವಿದ್ಯೆ ನಮ್ಮ ಕಲ್ಲುಕುಟಿಗರಲ್ಲಿ ತಲೆಮಾರುಗಳಿಂದ ನಡೆದುಬಂದುದು. 1895ರಲ್ಲಿ ಇಂಗ್ಲೆಂಡಿನ ‘ನೇಚರ್’ ಪತ್ರಿಕೆ ಬೆಂಗಳೂರಿನ ಕಡೆಯ ಈ ಕ್ರಮದ ವರ್ಣನೆಯನ್ನು ಪ್ರಕಟಿಸಿತು. ಸಿಡಿಮದ್ದಿಲ್ಲ. ಬಂಡೆಯ ಮೇಲೆ ಸೌದೆಯ ಉರಿಯನ್ನು ಸಾಲಾಗಿ ಹಚ್ಚುವುದು. ಉರಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ಬಡಿದು ಶಬ್ದ ಕೇಳುವುದು. ಪದರ ಬಿಟ್ಟಿತೆಂದು ಶಬ್ದ ಹೇಳಿದ ಕೂಡಲೆ ಉರಿಯನ್ನು ಮುಂದಕ್ಕೆ ಸರಿಸುವುದು. ಕಾದ ಮೇಲ್ಪದರ ಹಿಗ್ಗುತ್ತದೆ, ಅಡಿಯ ತಣ್ಣನೆಯ ಕಲ್ಲು ಹಿಗ್ಗುವುದಿಲ್ಲ. ನಡುವೆ ಸೀಳು ಬಿಡುತ್ತದೆ. ಕುಟಿಗನಿಗೆ ಉಪಕಾರವಾದ ಈ ಗುಣವೇ ಅಡಿಗೆಮನೆಯಲ್ಲಿ ಅಪಕಾರವಾದೀತು. ಗ್ರಾನೈಟ್ ಬಿಸಿ ತಡೆಯುತ್ತದೆ ಎಂಬುದು ನಿಜ. ಆದರೂ ಒಲೆಯಿಂದ ಇಳಿಸಿದ ಕೆಂಡದಂಥ ಬಾಣಲೆಯನ್ನು ತಣ್ಣನೆಯ ಚಪ್ಪಡಿಯ ಒಂದೇ ಜಾಗದಲ್ಲಿ, ಅದರಲ್ಲಿಯೂ ಸಿಂಕಿನ ಪಕ್ಕದ ಕಿರಿದಾದ ಪಟ್ಟಿಯ ಮೇಲೆ, ದಿನವೂ ಇಡುತ್ತ ಬಂದರೆ ಒಂದು ದಿನ ಕೂದಲೆಳೆಯ ಬಿರುಕು ಕಾಣಿಸಿಕೊಳ್ಳಬಹುದು. ನಮ್ಮ ಅಜ್ಜಿಯರು ಪಾತ್ರೆಯ ಕೆಳಗೆ ಸಿಂಬಿ ಇಡುತ್ತಿದ್ದುದು ಪಾತ್ರೆ ಉರುಳದಿರಲೆಂದು. ಈಗ ಅದನ್ನು ಕಲ್ಲಿನ ಸಲುವಾಗಿಯೂ ಇಡಬೇಕು.

ಇನ್ನು ಅಕ್ಷರದ ಮಾತು. 1892ರಲ್ಲಿ ಬಿ. ಎಲ್. ರೈಸ್ ಅವರು ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ಪತ್ತೆಹಚ್ಚಿದ್ದು ಕರ್ನಾಟಕದ ಇತಿಹಾಸದಲ್ಲಿ ಚಿರಸ್ಮರಣೀಯವಾದ ಸಂಗತಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ಕಳುಹಿಸಿದ ರಾಜಾಜ್ಞೆ ಅದು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ತಂದೆತಾಯಿಗಳ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು—ಇದು ಅದರ ಸಾರ. ಕೊನೆಯಲ್ಲಿ ಬರೆದವನ ಹೆಸರಿದೆ: ಚಪಡ. ತನ್ನ ‘ಲಿಪಿಕರ’ವೃತ್ತಿಯನ್ನು ಮಾತ್ರ ಅವನು ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ.

ಓದಲು ಬಾರದ ಈ ಬಂಡೆಗಳಿಗೆ ಹಳ್ಳಿಯ ಜನ ತಮ್ಮದೇ ಹೆಸರುಗಳನ್ನು ಇಟ್ಟುಕೊಂಡಿದ್ದರು. ಬ್ರಹ್ಮಗಿರಿಯದು ಅಕ್ಷರಗುಂಡು. ಸಿದ್ದಾಪುರದ್ದು ಎಮ್ಮೆ ಕಾಯುವ ತಿಮ್ಮಯ್ಯನ ಗುಂಡು. ಜಟಿಂಗ ರಾಮೇಶ್ವರದ್ದು ಬಳೆಗಾರ ಗುಂಡು. ಜಾತ್ರೆಯಲ್ಲಿ ಬಳೆಗಾರರು ಅಲ್ಲಿ ಅಂಗಡಿ ಹೂಡುತ್ತಿದ್ದುದರಿಂದ ಆ ಹೆಸರು. ಮೂರು ಶಾಸನಗಳೂ ಒಂದೇ ಕಾಲದವು, ಒಂದೇ ಸೀಮೆಯ ಬಂಡೆಗಳ ಮೇಲಿನವು. ಆದರೂ ಅಕ್ಷರಗುಂಡಿನ ಪಾಠ ಬಹುಮಟ್ಟಿಗೆ ಪೂರ್ಣವಾಗಿ ಉಳಿದಿದೆ. ಬಳೆಗಾರ ಗುಂಡಿನದು ಮೂರರಲ್ಲಿಯೂ ಹೆಚ್ಚು ಸವೆದಿದೆ. ಜನ ಓಡಾಡುವ, ಕೂರುವ, ಸರಕು ಹರಡುವ ಜಾಗದ ಕಲ್ಲು ಅದು. ಕಲ್ಲಿನ ಆರೈಕೆಯನ್ನು ಕುರಿತು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು. ಎರಡು ಸಾವಿರದ ಇನ್ನೂರು ವರ್ಷಗಳ ಬಿಸಿಲು ಮಳೆ ಮಾಡದ ಕೆಲಸವನ್ನು ಜನರ ಕೈಕಾಲು ಮಾಡಬಲ್ಲದು. ಕಲ್ಲಾದ ಮಾತ್ರಕ್ಕೆ ಯಾವುದೂ ಬಾಳುವುದಿಲ್ಲ; ಆರಿಸಿದವನ ವಿವೇಕ, ಬಳಸುವವನ ಎಚ್ಚರ ಎರಡೂ ಕೂಡಿದರೆ ಬಾಳುತ್ತದೆ.

ಆರಿಸುವ ವಿವೇಕಕ್ಕೆ ನಮ್ಮಲ್ಲಿ ಶಾಸ್ತ್ರವೂ ಉಂಟು, ಕಥೆಯೂ ಉಂಟು. ಶಿಲ್ಪಶಾಸ್ತ್ರಗಳು ಶಿಲೆಯನ್ನು ಪುರುಷ, ಸ್ತ್ರೀ, ನಪುಂಸಕ ಎಂದು ಮೂರು ಬಗೆಯಾಗಿ ವಿಂಗಡಿಸುತ್ತವೆ. ಬಡಿದಾಗ ಗಂಟೆಯಂತೆ ಮೊಳಗುವುದು ಒಂದು, ಕಂಚಿನ ತಾಳದಂತೆ ನುಡಿಯುವುದು ಇನ್ನೊಂದು, ದನಿಯೇ ಇಲ್ಲದ್ದು ಮೂರನೆಯದು. ಒಳಗೆ ದೋಷವಿರುವ ‘ಗರ್ಭ’ಶಿಲೆಯನ್ನು ಬಿಡಬೇಕೆಂದೂ ಹೇಳುತ್ತವೆ. ಇದನ್ನೇ ಜನ ಕಥೆಯಾಗಿ ಹೇಳಿಕೊಂಡರು. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ಯಾರಿಗೆ ಗೊತ್ತಿಲ್ಲ? ಜಕಣಾಚಾರಿ ಕಡೆದ ವಿಗ್ರಹದಲ್ಲಿ ದೋಷವಿದೆಯೆಂದು ಡಂಕಣನೆಂಬ ಹುಡುಗ ಪಂಥ ಕಟ್ಟುತ್ತಾನೆ. ಮೈಗೆಲ್ಲ ಗಂಧ ಬಳಿಯುತ್ತಾರೆ; ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿಯುತ್ತದೆ; ಅಲ್ಲಿ ಉಳಿ ತಾಕಿಸಿದರೆ ನೀರು, ಮರಳು, ಕಪ್ಪೆ ಹೊರಬೀಳುತ್ತವೆ. ಜಕಣನೂ ಡಂಕಣನೂ ಐತಿಹಾಸಿಕ ವ್ಯಕ್ತಿಗಳೆಂದು ಒಪ್ಪಲು ಆಧಾರವಿಲ್ಲ. ಬೇಲೂರಿನದು ಗ್ರಾನೈಟೂ ಅಲ್ಲ, ಬಳಪದ ಕಲ್ಲು. ಆದರೂ ಕಥೆಯೊಳಗಿನ ಪರೀಕ್ಷೆ ಸುಳ್ಳಲ್ಲ. ಕಲ್ಲಿನ ಮೈಯಲ್ಲಿ ತೇವ ಸಮನಾಗಿ ಆರದಿದ್ದರೆ ಅಲ್ಲಿ ಏನೋ ವ್ಯತ್ಯಾಸವಿದೆ.

ರಾಂಪುರದ ಕಡೆ ಉಳಿ ಹಿಡಿದು ಮುದುಕರಾದವರೊಬ್ಬರನ್ನು ನಾನು ಈ ವಿಷಯ ಕೇಳಿದ್ದುಂಟು. ಅವರು ಶಾಸ್ತ್ರ ಓದಿದವರಲ್ಲ. “ಬೆಳ್ಳ ಮಡಿಚಿ ಬಡೀರಿ ಮೇಷ್ಟ್ರೇ. ಕಂಚಿನಂಗೆ ಕಣ್ ಅಂದ್ರೆ ತಗಳ್ರಿ. ದಬ್ ಅಂದ್ರೆ ಒಳಗೆ ಬಿಟ್ಟೈತೆ ಅಂತ ಲೆಕ್ಕ, ಪುಗಸಟ್ಟೆ ಕೊಟ್ರೂ ಬ್ಯಾಡ,” ಎಂದರು. ಶಿಲ್ಪಶಾಸ್ತ್ರದ ಒಂದು ಅಧ್ಯಾಯ ಎರಡು ವಾಕ್ಯದಲ್ಲಿ ಮುಗಿಯಿತು.

ಅಂಗಡಿಗೆ ಹೋಗುವ ಗೃಹಸ್ಥರು ಈ ಹಳೆಯ ಪರೀಕ್ಷೆಗಳನ್ನು ಧೈರ್ಯವಾಗಿ ಮಾಡಬಹುದು. ಮಾದರಿಯ ತುಂಡಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಹತ್ತು ನಿಮಿಷ ಕಾಯಿರಿ. ಹನಿಯ ಜಾಗ ಕಪ್ಪಾದರೆ ಕಲ್ಲು ನೀರು ಕುಡಿಯುತ್ತದೆ, ಎಣ್ಣೆಯನ್ನೂ ಕುಡಿದೀತು. ಚಪ್ಪಡಿಯನ್ನು ಬಡಿದು ಕೇಳಿ. ಹಿಂಭಾಗ ನೋಡಿ: ಬಲೆ ಅಂಟಿಸಿದ್ದರೆ ಅದು ಆಧಾರಕ್ಕೆಂದು ಹಾಕಿದ್ದಿರಬಹುದು, ಬಿರುಕಿನ ಕಲ್ಲನ್ನು ಹಿಡಿದಿಡಲೂ ಇರಬಹುದು, ವಿಚಾರಿಸಬೇಕು. ಅತಿ ಕಪ್ಪಾದ ಕಲ್ಲನ್ನು ಉಗುರಿನ ಬಣ್ಣ ತೆಗೆಯುವ ದ್ರಾವಣದಲ್ಲಿ ಅದ್ದಿದ ಬಿಳಿಯ ಬಟ್ಟೆಯಿಂದ ಒರಸಿ. ಬಟ್ಟೆಗೆ ಮಸಿ ಹತ್ತಿದರೆ ಆ ಕಪ್ಪು ದೇವರು ಕೊಟ್ಟದ್ದಲ್ಲ, ವ್ಯಾಪಾರಿ ಕೊಟ್ಟದ್ದು. ಕೊನೆಗೆ ಒಂದು ತೊಟ್ಟು ನಿಂಬೆರಸ. ಗ್ರಾನೈಟಿಗೆ ಅದರಿಂದ ಏನೂ ಆಗದು. ಸುಣ್ಣದ ಜಾತಿಯ ಕಲ್ಲಾದರೆ ಹೊಳಪು ಹೋಗಿ ಮಂಕಾದ ಗುರುತು ಉಳಿಯುತ್ತದೆ.

ಸುಣ್ಣದ ಜಾತಿಯ ಮಾತೇಕೆ ಬಂತೆಂದರೆ, ಗ್ರಾನೈಟಿಗಿಂತ ಮುಂಚೆ ನಮ್ಮ ಅಡಿಗೆಮನೆಗಳನ್ನು ಆಳಿದ್ದು ಆ ಕಲ್ಲುಗಳೇ. ಅಡಿಗೆ ಮೊದಲು ನೆಲದ ಮೇಲೆ ನಡೆಯುತ್ತಿತ್ತು. ಒಲೆ ನೆಲದಲ್ಲಿ, ಒರಳು ನೆಲದಲ್ಲಿ, ಬೀಸುವ ಕಲ್ಲು ನೆಲದಲ್ಲಿ. ನಿಂತು ಅಡಿಗೆ ಮಾಡುವ ಕಟ್ಟೆ ಬಂದಾಗ ಅದರ ಮೇಲೆ ಹಾಸಿದ್ದು ಕಡಪದ ಕರಿಯ ಕಲ್ಲನ್ನು, ಇಲ್ಲವೆ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲನ್ನು. ಎರಡೂ ಪದರ ಪದರವಾಗಿ ಏಳುವ ಸುಣ್ಣಕಲ್ಲುಗಳು. ಸುಲಭವಾಗಿ ಸಿಗುತ್ತಿದ್ದವು, ಬೆಲೆಯೂ ಕಡಿಮೆ. ಆದರೆ ಹುಣಸೆಹಣ್ಣು, ನಿಂಬೆ, ಮಜ್ಜಿಗೆಗಳಿಲ್ಲದೆ ಒಂದು ಹೊತ್ತೂ ಕಳೆಯದ ನಮ್ಮ ಅಡಿಗೆಗೆ ಹುಳಿ ತಡೆಯದ ಕಲ್ಲು ಸರಿಜೋಡಿಯಲ್ಲ. ಗ್ರಾನೈಟಿನ ಗುಣ ಎಲ್ಲರಿಗೂ ತಿಳಿದಿತ್ತು. ಆದರೆ ಅದನ್ನು ಕೊಯ್ದು ಮೆರುಗು ಕೊಡುವುದು ಅರಮನೆ, ಸರ್ಕಾರಗಳಿಗೆ ಮಾತ್ರ ಸಾಧ್ಯವಾದ ಖರ್ಚು. 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಬೆಂಗಳೂರಿನ ಗ್ರಾನೈಟಿನ ಜೊತೆಗೆ ಮಾಗಡಿಯ ಗುಲಾಬಿ ಕಲ್ಲು, ತುರುವೇಕೆರೆಯ ಕರಿಯ ಕಲ್ಲುಗಳನ್ನು ಬಳಸಿದುದು ಪ್ರಸಿದ್ಧವಾಗಿದೆ. ಅಷ್ಟರಲ್ಲಿ, 1954ರ ಕೊನೆಯಲ್ಲಿ, ಅಮೆರಿಕದ ಪ್ರಯೋಗಶಾಲೆಯೊಂದರಲ್ಲಿ ಕೃತಕ ವಜ್ರ ಹುಟ್ಟಿತ್ತು. ವಜ್ರದ ಹಲ್ಲಿನ ಗರಗಸಗಳು ಅಗ್ಗವಾಗುತ್ತ ಬಂದಂತೆ, 20ನೆಯ ಶತಮಾನದ ಕೊನೆಯ ದಶಕಗಳಲ್ಲಿ, ಸುಮಾರು 20 ಮಿಲಿಮೀಟರ್ ದಪ್ಪದ ಮೆರುಗಿನ ಚಪ್ಪಡಿ ಸಾಮಾನ್ಯ ಸಂಸಾರಿಗನ ಮನೆಗೂ ಬಂತು.

ಮನೆಗೆ ಬಂದ ಕಲ್ಲಿನ ಆರೈಕೆಗೆ ದೊಡ್ಡ ಉಪಚಾರ ಬೇಡ. ಶ್ರವಣಬೆಳಗೊಳದ ಗೊಮ್ಮಟನನ್ನು ನೋಡಿ. 58 ಅಡಿಯ ಆ ಏಕಶಿಲೆಯ ಮೇಲೆ ಹಾಲು, ಕಬ್ಬಿನ ರಸ, ಅರಿಶಿನ, ಚಂದನಗಳ ಹೊಳೆಯೇ ಹರಿಯುತ್ತದೆ. 2018ರ ಮಹಾಮಸ್ತಕಾಭಿಷೇಕದಲ್ಲಿಯೂ ಹರಿಯಿತು. ಆದರೆ ಒಂದು ದ್ರವ್ಯದ ಹಿಂದೆ ಇನ್ನೊಂದು ಬಂದು ತೊಳೆಯುತ್ತದೆ. ನೀರಂತೂ ಇದ್ದೇ ಇದೆ. ಅಡಿಗೆಮನೆಯ ಸೂತ್ರವೂ ಅಷ್ಟೇ: ಚೆಲ್ಲಿದ್ದನ್ನು ಆರಲು ಬಿಡಬಾರದು. ಅರಿಶಿನ, ಎಣ್ಣೆ, ಕಾಫಿಯ ಡಿಕಾಕ್ಷನ್ ಯಾವುದೇ ಇರಲಿ, ಆಗಲೇ ಒರಸಿದರೆ ಕಲೆಯ ಮಾತಿಲ್ಲ. ಸಾಬೂನಿನ ತೆಳು ನೀರು, ಮೆತ್ತನೆಯ ಬಟ್ಟೆ ಸಾಕು. ಬಚ್ಚಲು ತೊಳೆಯುವ ಆ್ಯಸಿಡ್ಡನ್ನು ಕಟ್ಟೆಯ ಹತ್ತಿರ ತರಬಾರದು. ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಸಿಂಕಿನ ಸುತ್ತ ಬಿಳಿಯ ಪಟ್ಟು ಕಟ್ಟಿಸುತ್ತದೆ. ರಾತ್ರಿ ಕೆಲಸ ಮುಗಿದ ಮೇಲೆ ಒಣಬಟ್ಟೆಯಿಂದ ಒಮ್ಮೆ ಒರಸುವುದೇ ಅದಕ್ಕೆ ಮದ್ದು. ನೀರು ಕುಡಿಯುವ ಕಲ್ಲಾದರೆ ರಂಧ್ರ ಮುಚ್ಚುವ ಸೀಲರ್ ಹಾಕಿಸಬೇಕು; ಹನಿ ಬಿಟ್ಟ ಜಾಗ ಮತ್ತೆ ಕಪ್ಪಾಗತೊಡಗಿದಾಗ ಮತ್ತೆ ಹಾಕಿಸಬೇಕು. ಬೆಣಚು ಉಕ್ಕಿಗಿಂತ ಗಟ್ಟಿಯಾದದ್ದರಿಂದ ಕಲ್ಲಿನ ಮೇಲೆ ತರಕಾರಿ ಹೆಚ್ಚಿದರೆ ಕಲ್ಲಿಗಿಂತ ಚಾಕುವಿಗೆ ಕೇಡು; ಮಣೆ ಇಟ್ಟುಕೊಳ್ಳುವುದು ಲೇಸು.

ಹಿಂದೆ ಒರಳಿನ ಒಳಮೈ ನುಣುಪಾದಾಗ ಬೀದಿಯಲ್ಲಿ ಕೂಗುತ್ತ ಬರುವವರು ಉಳಿಯಿಂದ ಕುಟ್ಟಿ ಮತ್ತೆ ಒರಟು ಮಾಡಿಕೊಡುತ್ತಿದ್ದರು. ಅದೇ ಒರಳು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ ಬರುತ್ತಿತ್ತು. ಇಂದಿನ ಚಪ್ಪಡಿ ಅದಕ್ಕಿಂತ ಗಟ್ಟಿಯಾಗಿದ್ದರೂ ಅದರ ಆಯುಷ್ಯ ಮನೆಯೊಡೆಯನ ರುಚಿ ಬದಲಾಗುವವರೆಗೆ ಮಾತ್ರ. ಹತ್ತು ವರ್ಷಕ್ಕೆ ಬಣ್ಣ ಹಳತಾಯಿತೆಂದು ಕಿತ್ತು ರಸ್ತೆಯ ಬದಿಗೆ ಎಸೆದ, ಒಂದು ಗೀರೂ ಇಲ್ಲದ ಚಪ್ಪಡಿಗಳನ್ನು ನಾನು ಬೆಂಗಳೂರಿನಲ್ಲಿ ಎಷ್ಟೋ ಕಡೆ ಕಂಡಿದ್ದೇನೆ. ಇದು ದುಂದು ಮಾತ್ರವಲ್ಲ. ಕಲ್ಲು ಕೊಯ್ಯುವಾಗ ಏಳುವ ಬೆಣಚಿನ ಧೂಳು ಕೆಲಸಗಾರನ ಶ್ವಾಸಕೋಶದಲ್ಲಿ ಸೇರಿ ಸಿಲಿಕೋಸಿಸ್ ಎಂಬ ರೋಗ ತರುತ್ತದೆ; ಅದು ಬಂದ ಮೇಲೆ ವಾಸಿಯಾಗುವುದಿಲ್ಲ. ನೀರು ಹಾಯಿಸುತ್ತ ಕೊಯ್ದರೆ ಧೂಳು ಬಹಳ ಮಟ್ಟಿಗೆ ಅಡಗುತ್ತದೆ. ನಮ್ಮ ಮನೆಯಲ್ಲಿ ಕಿಂಡಿ ಕೊರೆಯಲು ಬಂದವನು ಒಣಕಲ್ಲಿನ ಮೇಲೆ ಯಂತ್ರವಿಟ್ಟರೆ ‘ನೀರು ಹಾಕಿಕೊಂಡು ಕೊಯ್ಯಪ್ಪ, ಮೂಗಿಗೆ ಮುಖವಾಡ ಕಟ್ಟಿಕೋ’ ಎನ್ನುವುದೂ ಕಲ್ಲಿನ ಆರೈಕೆಯ ಭಾಗವೇ. ಇನ್ನು ಗುಡ್ಡದ ಮಾತು. ಕಡಿದ ಮರದ ಜಾಗದಲ್ಲಿ ಮರ ಬೆಳೆದೀತು, ಗುಡ್ಡ ಬೆಳೆಯುವುದಿಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನವರೆಗೆ ನಿಷೇಧ, ಅದರಾಚೆ ಇನ್ನೂ 200 ಮೀಟರಿನವರೆಗೆ ನಿಯಂತ್ರಣ ಎಂದು 2010ರ ಕಾನೂನು ಹೇಳುತ್ತದೆ. ಅಕ್ಷರವಿರುವ ಬಂಡೆಗೆ ಆ ರಕ್ಷಣೆಯುಂಟು. ಕುಳಿ ಮಾತ್ರ ಇರುವ, ಹೆಸರಿಲ್ಲದ ಬಂಡೆಗಳಿಗೆ ನಮ್ಮ ತಿಳಿವಳಿಕೆಯೇ ರಕ್ಷಣೆ.

ಆದಕಾರಣ ಹೊಸ ಕಟ್ಟೆ ಹಾಕಿಸುವವರಲ್ಲಿ ನನ್ನ ಬಿನ್ನಹ ಇಷ್ಟೇ. ಹತ್ತಿರದ ಕಲ್ಲನ್ನು ಮೊದಲು ನೋಡಿ. ಬೂದುಬಣ್ಣವೆಂದು ಮೂಗು ಮುರಿಯಬೇಡಿ. ಬಡಿದು, ನೀರು ಬಿಟ್ಟು, ಒರಸಿ ನೋಡಿ ತನ್ನಿ. ತಂದ ಮೇಲೆ ಮೊಮ್ಮಕ್ಕಳ ಕಾಲಕ್ಕೂ ಇದೇ ಇರಬೇಕೆಂಬ ಎಣಿಕೆಯಿಂದ ಬಳಸಿ. ರಾಂಪುರದ ಕಡೆ ಹೋದಾಗ ಅರ್ಧ ದಿನ ಬಿಡುವು ಮಾಡಿಕೊಂಡು ಅಕ್ಷರಗುಂಡನ್ನೂ ಬಳೆಗಾರ ಗುಂಡನ್ನೂ ಮಕ್ಕಳಿಗೆ ತೋರಿಸಿ. ಒಂದು ಏಕೆ ಉಳಿಯಿತು, ಇನ್ನೊಂದು ಏಕೆ ಸವೆಯಿತು ಎಂದು ಅವರನ್ನೇ ಕೇಳಿ.